ಹಸುವಿಗೆ ಚುಚ್ಚುಮದ್ದುಂಟು, ರೇಷ್ಮೆ ಹುಳುವಿಗೇಕಿಲ್ಲ?



ಕೊಳ್ಳೇಗಾಲ, ಹನೂರು, ಯಳಂದೂರು ಭಾಗದಲ್ಲಿ ಒಂದೇ ಮನೆಯಲ್ಲಿ ದನದ ಕೊಟ್ಟಿಗೆಯೂ ಹುಳು ಸಾಕುವ ಕೋಣೆಯೂ ಇರುವುದು ಹೊಸದೇನಲ್ಲ. ಕೊಟ್ಟಿಗೆಯ ಹಸುವಿಗೆ ಕಾಲುಬಾಯಿ ಬೇನೆ ಬಾರದಿರಲೆಂದು ಆರು ತಿಂಗಳಿಗೊಮ್ಮೆ ಚುಚ್ಚುಮದ್ದು ಹಾಕುತ್ತಾರೆ. ಮನೆಯ ಮಗುವಿಗೂ ಹಾಕುತ್ತಾರೆ. ಅಂಗಳದ ಕೋಳಿಗೂ ಕೊಕ್ಕರೆ ರೋಗದ ಲಸಿಕೆಯುಂಟು. ತಟ್ಟೆಯಲ್ಲಿರುವ ರೇಷ್ಮೆ ಹುಳುವಿಗೆ ಮಾತ್ರ ಹಾಲುತೊಂಡೆಗಾಗಲಿ, ಸಪ್ಪೆ ರೋಗಕ್ಕಾಗಲಿ, ಗಂಟುರೋಗಕ್ಕಾಗಲಿ ಲಸಿಕೆಯೇ ಇಲ್ಲ.

ಹುಳು ಚಿಕ್ಕದು, ಅದಕ್ಕೆ ಸೂಜಿ ಚುಚ್ಚಲಾಗದು ಎಂದು ಕೆಲವರು ಕಾರಣ ಹೇಳುವುದುಂಟು. ಅದು ಸರಿಯಾದ ಕಾರಣವಲ್ಲ. ಲಸಿಕೆಗೆ ಸೂಜಿಯೇ ಆಗಬೇಕೆಂದಿಲ್ಲ. ಪೋಲಿಯೋ ಲಸಿಕೆಯನ್ನು ಮಗುವಿನ ಬಾಯಿಗೆ ಹನಿಯಾಗಿ ಬಿಡುತ್ತಾರೆ, ಕೋಳಿಮರಿಗೆ ಕಣ್ಣಿಗೋ ಮೂಗಿಗೋ ಹನಿ ಹಾಕುತ್ತಾರೆ. ಹಾಗೆಯೇ ಹಿಪ್ಪುನೇರಳೆ ಸೊಪ್ಪಿನ ಮೇಲೆ ಚಿಮುಕಿಸಿ ಹುಳುವಿಗೆ ತಿನ್ನಿಸಬಹುದಿತ್ತು. ಆದರೆ ಹಾಗೆ ಮಾಡಿದರೂ ಫಲವಿಲ್ಲ. ಲಸಿಕೆ ಎಂಬುದು ತಾನಾಗಿ ರೋಗವನ್ನು ತಡೆಯುವ ಔಷಧವಲ್ಲ. ಅದು ಮೈಯೊಳಗಿನ ಒಂದು ಬಗೆಯ ಕಣಗಳಿಗೆ ಕೊಡುವ ಪಾಠ. ಪಾಠ ಕಲಿಯುವ ಆ ಕಣಗಳು ಮನುಷ್ಯನಲ್ಲಿ, ದನದಲ್ಲಿ, ಕುರಿಯಲ್ಲಿ, ಕೋಳಿಯಲ್ಲಿ, ಮೀನಿನಲ್ಲಿ ಕೂಡ ಇವೆ, ಹುಳುವಿನಲ್ಲಿ ಇಲ್ಲ. ಅವುಗಳ ಹೆಸರು ಬಿ ಕಣ.

ಹುಳುವಿಗೆ ರಕ್ಷಣೆಯೇ ಇಲ್ಲವೆಂದು ಇದರ ಅರ್ಥವಲ್ಲ. ರೋಗಾಣುಗಳನ್ನು ನುಂಗುವ ಕಣಗಳು ಅದರ ಮೈರಸದಲ್ಲಿಯೂ ಇವೆ, ಕ್ರಿಮಿನಾಶಕವಾದ ಕೆಲವು ರಸಗಳನ್ನೂ ಅದು ತಯಾರಿಸುತ್ತದೆ. ಆದರೆ ಒಮ್ಮೆ ಬಂದ ಶತ್ರುವಿನ ಗುರುತು ಹಿಡಿದು, ಆ ಶತ್ರುವಿಗೆಂದೇ ತಕ್ಕ ಆಯುಧ ಮಾಡಿಟ್ಟುಕೊಳ್ಳುವುದು ಅದಕ್ಕೆ ಆಗದು. ಫ್ರಾನ್ಸಿನ ಲೂಯಿ ಪಾಶ್ಚರ್ 1865ರಲ್ಲಿ ತಮ್ಮ ದೇಶದ ರೇಷ್ಮೆಯನ್ನು ಹಾಳುಮಾಡುತ್ತಿದ್ದ ಗಂಟುರೋಗದ ಪರೀಕ್ಷೆಗೆ ಕೈಹಾಕಿದಾಗ ಹುಳುವಿಗೆ ಮದ್ದು ಕೊಟ್ಟು ಗೆಲ್ಲಲಿಲ್ಲ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಆ ಮೊಟ್ಟೆಯನ್ನೇ ಸುಟ್ಟುಹಾಕಿಸಿದರು. ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಅದೇ ಪರೀಕ್ಷೆ. ರೋಗರಹಿತ ಮೊಟ್ಟೆ, ಸೋಂಕು ತೊಳೆದ ಮನೆ, ಕೈ ತೊಳೆದು ಸೊಪ್ಪು ಹಾಕುವುದು ಇಷ್ಟೇ ಹುಳುವಿನ ರಕ್ಷಣೆ. ಇದೇ ಪಾಶ್ಚರ್ ಇಪ್ಪತ್ತು ವರ್ಷಗಳ ನಂತರ, 1885ರಲ್ಲಿ, ಹುಚ್ಚುನಾಯಿ ಕಚ್ಚಿದ ಒಬ್ಬ ಹುಡುಗನಿಗೆ ಲಸಿಕೆ ಹಾಕಿ ಉಳಿಸಿದರು. ಹುಡುಗನ ಮೈಯಲ್ಲಿ ಬಿ ಕಣಗಳಿದ್ದವು. ಅವು ಇವೆಯೆಂದು ಪಾಶ್ಚರರಿಗೂ ತಿಳಿದಿರಲಿಲ್ಲ!

ಅದು ತಿಳಿದದ್ದು ಕೋಳಿಯಿಂದ. ಕೋಳಿಮರಿಯ ಗುದದ್ವಾರದ ಮೇಲ್ಗಡೆ ಒಳಗೆ ಒಂದು ಪುಟ್ಟ ಚೀಲವಿರುತ್ತದೆ. ಕೋಳಿ ಬಲಿತಂತೆ ಅದು ಕುಗ್ಗುತ್ತದೆ. ಸುಮಾರು 400 ವರ್ಷಗಳ ಹಿಂದೆ ಇಟಲಿಯ ಫೆಬ್ರೀಶಿಯಸ್ ಎಂಬ ಪಂಡಿತರು ಅದನ್ನು ವರ್ಣಿಸಿ ಬರೆದಿದ್ದರೂ ಅದರ ಕೆಲಸವೇನೆಂದು ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ಯುವಕರು ಕೆಲವು ಮರಿಗಳಲ್ಲಿ ಆ ಚೀಲವನ್ನು ಕತ್ತರಿಸಿ ತೆಗೆದು ಅವನ್ನು ಸಾಕುತ್ತಿದ್ದರು. ಅವರ ಜೊತೆಗಾರರಾದ ತಿಮೊಥಿ ಚಾಂಗ್ ಅವರಿಗೆ ಪಾಠ ಹೇಳಲು ಕೋಳಿಗಳು ಬೇಕಾದವು; ಇವನ್ನೇ ಕೇಳಿ ಪಡೆದರು. ರೋಗಾಣುವನ್ನು ಚುಚ್ಚಿದರೆ ಕೋಳಿಯ ರಕ್ತದಲ್ಲಿ ಅದಕ್ಕೆ ಎದುರಾಗಿ ಪ್ರತಿಕಾಯ ಎಂಬ ವಸ್ತು ಹುಟ್ಟುವುದನ್ನು ವಿದ್ಯಾರ್ಥಿಗಳಿಗೆ ತೋರಿಸುವುದು ಅವರ ಉದ್ದೇಶವಾಗಿತ್ತು. ಚೀಲ ತೆಗೆದ ಕೋಳಿಗಳಲ್ಲಿ ಪ್ರತಿಕಾಯ ಹುಟ್ಟಲೇ ಇಲ್ಲ. ಪಾಠ ಕೆಟ್ಟಿತು, ಆದರೆ ದೊಡ್ಡ ಸಂಗತಿಯೊಂದು ಹೊರಬಿತ್ತು. ವಿಜ್ಞಾನದ ದೊಡ್ಡ ಪತ್ರಿಕೆಯೊಂದು ಅವರ ಲೇಖನವನ್ನು ಹಿಂದಿರುಗಿಸಿತು. 1956ರಲ್ಲಿ ಅದು ಕೋಳಿಸಾಕಣೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಚೀಲಕ್ಕೆ ಅವರ ಭಾಷೆಯಲ್ಲಿ ಬರ್ಸಾ ಎಂದು ಹೆಸರು. ಅದರ ಮೊದಲಕ್ಷರವೇ ಬಿ. ನಮಗೂ ದನಗಳಿಗೂ ಆ ಚೀಲವಿಲ್ಲ. ನಮ್ಮ ಬಿ ಕಣಗಳು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುತ್ತವೆ.

ಕೋಳಿ ಸಾಕುವವರು ಇಲ್ಲಿ ಒಂದು ಮಾತು ನೆನಪಿಡಬೇಕು. ಗಂಬೋರೊ ಎಂಬ ರೋಗ ಮೂರರಿಂದ ಆರು ವಾರದ ಮರಿಗಳಿಗೆ ಹೆಚ್ಚಾಗಿ ತಗಲುತ್ತದೆ. ಅದು ಹಾಳುಮಾಡುವುದು ಈ ಚೀಲವನ್ನೇ. ಮರಿ ಬದುಕಿಕೊಂಡರೂ ಆಮೇಲೆ ಕೊಕ್ಕರೆ ರೋಗದ ಲಸಿಕೆ ಅದಕ್ಕೆ ಸರಿಯಾಗಿ ಹತ್ತುವುದಿಲ್ಲ. ಲಸಿಕೆ ಹಾಕಿಸಿಯೂ ಕೋಳಿ ಸತ್ತವೆಂದು ದೂರುವವರ ಮನೆಯಲ್ಲಿ ಕೆಲವು ಸಲ ಹೀಗಾಗಿರುತ್ತದೆ.

ಈಗ ಬಿ ಕಣದ ಕೆಲಸವನ್ನು ನೋಡೋಣ. ಇದು ಬಿಳಿಯ ರಕ್ತಕಣಗಳಲ್ಲಿ ಒಂದು ಜಾತಿ. ಒಂದು ಮೈಯಲ್ಲಿ ಲೆಕ್ಕವಿಲ್ಲದಷ್ಟು ಬಿ ಕಣಗಳಿವೆ. ಪ್ರತಿ ಕಣದ ಮೇಲೂ ಹಿಡಿಕೆಗಳಿರುತ್ತವೆ. ಒಂದು ಕಣದ ಹಿಡಿಕೆಗಳೆಲ್ಲ ಒಂದೇ ಆಕಾರದವು, ಪಕ್ಕದ ಕಣದ್ದು ಬೇರೆ ಆಕಾರ. ಯಾವ ರೋಗ ಬರುವುದೆಂದು ಮೈಗೆ ಮೊದಲೇ ಗೊತ್ತಿಲ್ಲವಾದ್ದರಿಂದ ಎಲ್ಲ ಆಕಾರಗಳನ್ನೂ ಸ್ವಲ್ಪ ಸ್ವಲ್ಪ ಮಾಡಿಟ್ಟಿರುತ್ತದೆ. ಮಳೆ ಹೇಗೆ ಬರುವುದೋ ತಿಳಿಯದ ರೈತನು ರಾಗಿ, ಜೋಳ, ಹುರುಳಿ, ಅವರೆ ಎಲ್ಲದರ ಬೀಜವನ್ನೂ ಒಂದೊಂದು ಹಿಡಿ ಇಟ್ಟುಕೊಂಡಂತೆ.

ರೋಗಾಣು ಒಳಹೊಕ್ಕಾಗ ಸಾವಿರ ಸಾವಿರ ಬಿ ಕಣಗಳು ಅದನ್ನು ತಾಕಿ ಸುಮ್ಮನೆ ಸಾಗುತ್ತವೆ. ಯಾವುದೋ ಒಂದರ ಹಿಡಿಕೆ ಅದಕ್ಕೆ ಸರಿಯಾಗಿ ಕೂಡುತ್ತದೆ. ಆ ಕಣವು ಟಿ ಕಣ ಎಂಬ ಇನ್ನೊಂದು ಜಾತಿಯ ಸಹಾಯ ಪಡೆದು ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಕೆಲವೇ ದಿನಗಳಲ್ಲಿ ಸಾವಿರಾರು ಆಗುತ್ತದೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿನಲ್ಲಿ ಗಂಟು ಕಟ್ಟಿ ನೋಯುವುದಲ್ಲವೇ? ಅದು ಈ ಕಣಗಳು ಬೆಳೆಯುವ ಪಾತಿ. ಹೀಗೆ ಬೆಳೆಯುವಾಗ ಹಿಡಿಕೆಯ ಆಕಾರದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಬರುತ್ತದೆ. ಹೆಚ್ಚು ಬಿಗಿಯಾಗಿ ಹಿಡಿಯುವ ಕಣ ಉಳಿಯುತ್ತದೆ, ಸಡಿಲವಾದದ್ದು ಸಾಯುತ್ತದೆ. ಒಳ್ಳೆಯ ತೆನೆಯನ್ನು ಆಯ್ದು ಬಿತ್ತನೆಗಿಡುವ ಕೆಲಸವೇ ಇದು. ನಾವು ಹತ್ತು ವರ್ಷದಲ್ಲಿ ಮಾಡುವುದನ್ನು ಮೈಯು ಎರಡು ಮೂರು ವಾರದಲ್ಲಿ ಮಾಡುತ್ತದೆ.

ಬೆಳೆದ ಕಣಗಳಲ್ಲಿ ಎರಡು ಪಾಲು. ಒಂದು ಪಾಲು ತನ್ನ ಹಿಡಿಕೆಯ ಆಕಾರವನ್ನೇ ಬಿಡಿಬಿಡಿಯಾಗಿ ತಯಾರಿಸಿ ರಕ್ತಕ್ಕೆ ಸುರಿಯುತ್ತದೆ; ಒಂದು ಕಣ ಸೆಕೆಂಡಿಗೆ ಸಾವಿರಾರು ಸುರಿಯಬಲ್ಲದು. ಈ ಬಿಡಿ ಹಿಡಿಕೆಯೇ ಪ್ರತಿಕಾಯ. ಅದು ರೋಗಾಣುವಿಗೆ ಅಂಟಿಕೊಂಡು ಅದು ಜೀವಕೋಶದೊಳಗೆ ನುಗ್ಗದಂತೆ ತಡೆಯುತ್ತದೆ, ನುಂಗುವ ಕಣಗಳಿಗೆ ‘ಇಲ್ಲಿದೆ’ ಎಂದು ಗುರುತು ತೋರುತ್ತದೆ. ಇನ್ನೊಂದು ಪಾಲು ಈಗ ಏನೂ ಮಾಡದೆ ನೆನಪಿನ ಕಣವಾಗಿ ಉಳಿಯುತ್ತದೆ. ಅದು ಮುಂದಿನ ಸಲದ ಬಿತ್ತನೆ ಬೀಜ.

ಈ ಕೆಲಸಕ್ಕೆ ಹಿಡಿಯುವ ಕಾಲವನ್ನು ಗಮನಿಸಬೇಕು. ಈ ಲೇಖನದಲ್ಲಿ ಮುಖ್ಯವಾದದ್ದು ಇದೇ. ಮೊದಲ ಸಲ ಪ್ರತಿಕಾಯವು ಸಾಕಷ್ಟು ತಯಾರಾಗಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ರೋಗವೇ ಗೆದ್ದುಬಿಡಬಹುದು. ಎರಡನೆಯ ಸಲ ಅದೇ ಶತ್ರು ಬಂದರೆ ನೆನಪಿನ ಕಣಗಳು ಕೆಲವೇ ದಿನದಲ್ಲಿ ಎದ್ದು, ಮೊದಲಿಗಿಂತ ಬಹಳ ಹೆಚ್ಚು ಸುರಿಯುತ್ತವೆ. ಲಸಿಕೆಯೆಂದರೆ ಕೊಂದ ರೋಗಾಣುವನ್ನೋ, ಬಲಗುಂದಿಸಿದ ರೋಗಾಣುವನ್ನೋ, ಅದರ ಒಂದು ತುಣುಕನ್ನೋ ತೋರಿಸಿ, ರೋಗವಿಲ್ಲದೆ ಆ ಮೊದಲ ಸಲವನ್ನು ದಾಟಿಸುವುದು.

ಸಿಡುಬಿಗೆ ‘ದೇವಿ ಹಾಕುವ’ ಪದ್ಧತಿಯಲ್ಲಿ ಇದ್ದದ್ದೂ ಇದೇ. ದನದ ಕೆಚ್ಚಲಿನ ಸಿಡುಬಿನ ಆಕಾರವೂ ಮನುಷ್ಯನ ಸಿಡುಬಿನ ಆಕಾರವೂ ಬಹುಪಾಲು ಒಂದೇ. ಅದನ್ನು ಕಲಿತ ಬಿ ಕಣ ಇದನ್ನೂ ಹಿಡಿಯುತ್ತದೆ. ಇಂಗ್ಲೆಂಡಿನ ಜೆನ್ನರ್ ಇದನ್ನು 1796ರಲ್ಲಿ ಮಾಡಿ ತೋರಿಸಿದರು. ಮೈಸೂರು ಸೀಮೆಗೆ ಅದು ಬಂದದ್ದು ದಿವಾನ್ ಪೂರ್ಣಯ್ಯನವರ ಆಡಳಿತದ ಕಾಲದಲ್ಲಿ. ಯಳಂದೂರನ್ನು 1807ರಲ್ಲಿ ಜಹಗೀರಾಗಿ ಪಡೆದವರು ಅವರೇ. 1980ರಲ್ಲಿ ಸಿಡುಬು ಲೋಕದಿಂದಲೇ ಹೋಯಿತೆಂದು ಸಾರಲಾಯಿತು. ಬಿ ಕಣಗಳ ನೆನಪು ಎಷ್ಟು ದೀರ್ಘವೆಂಬುದಕ್ಕೆ ಇನ್ನೊಂದು ಸಂಗತಿ: 1918ರ ಇನ್‌ಫ್ಲುಯೆಂಜಾ ಮಾರಿಯನ್ನು ಬಾಲ್ಯದಲ್ಲಿ ದಾಟಿ ಬಂದಿದ್ದ 32 ವೃದ್ಧರ ರಕ್ತವನ್ನು ಅಮೆರಿಕದ ವಿಜ್ಞಾನಿಗಳು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ತೊಂಬತ್ತು ವರ್ಷ ಕಳೆದಿದ್ದರೂ ಆ ವಿಷಾಣುವನ್ನು ಗುರುತಿಸುವ ಪ್ರತಿಕಾಯ ಅವರೆಲ್ಲರಲ್ಲಿಯೂ ಇತ್ತು.

ಹಾಗಾದರೆ ಹಸುವಿಗೆ ಆರಾರು ತಿಂಗಳಿಗೆ ಏಕೆ ಚುಚ್ಚಬೇಕು ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಹಿರಿಯರು ದೊಡ್ಡರೋಗವೆನ್ನುತ್ತಿದ್ದ ರಿಂಡರ್‌ಪೆಸ್ಟಿಗೆ ಬಲಗುಂದಿಸಿದ ಜೀವಂತ ಲಸಿಕೆಯಿತ್ತು. ಒಂದು ಸಲ ಹಾಕಿದರೆ ನೆನಪು ಬಹುಕಾಲ ನಿಲ್ಲುತ್ತಿತ್ತು. ಆ ರೋಗಕ್ಕೆ ಇದ್ದದ್ದೂ ಒಂದೇ ಜಾತಿ. ಆದುದರಿಂದಲೇ ಅದನ್ನು ಬೇರುಸಹಿತ ಕಿತ್ತುಹಾಕಲು ಸಾಧ್ಯವಾಗಿ, 2011ರಲ್ಲಿ ಲೋಕವೆಲ್ಲ ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಕಾಲುಬಾಯಿ ಬೇನೆ ಹಾಗಲ್ಲ. ಅದಕ್ಕೆ ಲೋಕದಲ್ಲಿ ಏಳು ಜಾತಿ. ನಮ್ಮ ದೇಶದ ಲಸಿಕೆಯಲ್ಲಿ ಒ, ಎ, ಏಷ್ಯಾ-1 ಎಂಬ ಮೂರು ಸೇರಿವೆ. ಒಂದನ್ನು ಹಿಡಿಯುವ ಪ್ರತಿಕಾಯ ಇನ್ನೊಂದನ್ನು ಹಿಡಿಯುವುದಿಲ್ಲ. ಅದರ ಮೇಲೆ ಇದು ಕೊಂದ ವಿಷಾಣುವಿನ ಲಸಿಕೆ. ಪಾಠ ಬೇಗ ಮಾಸುತ್ತದೆ. ಆದ್ದರಿಂದ ಕರುವಿಗೆ ನಾಲ್ಕು ತಿಂಗಳಾದಾಗ ಮೊದಲನೆಯದು, ಒಂದು ತಿಂಗಳ ಮೇಲೆ ಎರಡನೆಯದು, ಆಮೇಲೆ ಆರು ತಿಂಗಳಿಗೊಮ್ಮೆ. ಈ ಎರಡನೆಯದನ್ನೇ ಅನೇಕರು ಬಿಟ್ಟುಬಿಡುತ್ತಾರೆ. ಬಿತ್ತಿ ಕಳೆ ತೆಗೆಯದೆ ಬಿಟ್ಟ ಹೊಲದ ಹಾಗೆ ಅದು.

ಇನ್ನೊಂದು ಅಭ್ಯಾಸವುಂಟು. ಮಹದೇಶ್ವರ ಬೆಟ್ಟದ ಜಾತ್ರೆಗೋ, ದೂರದ ಸಂತೆಗೋ ಎತ್ತು ಹೊಡೆದುಕೊಂಡು ಹೊರಡುವ ಮುನ್ನಾದಿನ ಪಶುವೈದ್ಯರ ಬಳಿಗೆ ಓಡುವುದು. ಸೂಜಿ ಬಿದ್ದ ಮರುದಿನ ಎತ್ತಿನ ರಕ್ತದಲ್ಲಿ ಏನೂ ಹುಟ್ಟಿರುವುದಿಲ್ಲ. ಕಡೇಪಕ್ಷ ಎರಡು ಮೂರು ವಾರ ಮೊದಲೇ ಹಾಕಿಸಿರಬೇಕು. ಚುಚ್ಚಿದ ಮೇಲೆ ಒಂದೆರಡು ದಿನ ಮೈ ಬಿಸಿಯಾಗುವುದು, ಹಾಲು ಸ್ವಲ್ಪ ಇಳಿಯುವುದು ಉಂಟು. ಒಳಗೆ ಕೆಲಸ ನಡೆಯುತ್ತಿರುವ ಲಕ್ಷಣ ಅದು. ಹಾಲು ಇಳಿಯಿತೆಂದು ಹೆದರಿ ಹಸುವನ್ನು ಅಡಗಿಸಿಡುವವರನ್ನೂ, ಕಾಡಂಚಿನ ದೊಡ್ಡಿಯಲ್ಲಿ ದನ ಬಿಟ್ಟು ‘ಮನೆಯಲ್ಲಿಲ್ಲ’ ಎನ್ನುವವರನ್ನೂ ಬೇನೆ ಹುಡುಕಿಕೊಂಡು ಬರುತ್ತದೆ.

ಸ್ವಂತ ಪ್ರತಿಕಾಯ ತಯಾರಾಗಲು ಕಾಲ ಬೇಕೆಂದೆವು. ಈಗತಾನೇ ಹುಟ್ಟಿದ ಕರುವಿನ ಗತಿಯೇನು? ಮನುಷ್ಯರಲ್ಲಿ ತಾಯಿಯ ಪ್ರತಿಕಾಯ ಗರ್ಭದಲ್ಲಿರುವಾಗಲೇ ಕೂಸಿಗೆ ಹರಿಯುತ್ತದೆ. ದನ, ಎಮ್ಮೆ, ಕುರಿ, ಮೇಕೆಗಳಲ್ಲಿ ಹರಿಯುವುದಿಲ್ಲ. ಕರು ಹುಟ್ಟುವಾಗ ಬರಿಗೈಯಲ್ಲಿ ಹುಟ್ಟುತ್ತದೆ. ಹಸುವಿನ ಬಿ ಕಣಗಳು ವರ್ಷಗಟ್ಟಲೆ ಕಲಿತದ್ದೆಲ್ಲ ಪ್ರತಿಕಾಯದ ರೂಪದಲ್ಲಿ ಕೆಚ್ಚಲಿನಲ್ಲಿ ತುಂಬಿ ನಿಂತಿರುತ್ತದೆ. ಅದೇ ಗಿಣ್ಣುಹಾಲು. ಕರುವಿನ ಕರುಳು ಆ ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವುದು ಹುಟ್ಟಿದ ಕೆಲವು ಗಂಟೆ ಮಾತ್ರ. ಗಂಟೆ ಕಳೆದಂತೆ ಬಾಗಿಲು ಕಿರಿದಾಗುತ್ತ ಬಂದು ಒಂದು ದಿನದೊಳಗೆ ಮುಚ್ಚಿಹೋಗುತ್ತದೆ. ಆಮೇಲೆ ಕುಡಿದ ಗಿಣ್ಣು ಹೊಟ್ಟೆಗೆ ಆಹಾರವಾದೀತೇ ಹೊರತು ರಕ್ತಕ್ಕೆ ಕಾವಲಾಗದು.

ಮಾಸು ಬೀಳುವ ತನಕ ಕರುವಿಗೆ ಮೊಲೆ ಬಿಡಬಾರದೆಂಬ ನಂಬಿಕೆ ಇನ್ನೂ ಕೆಲವೆಡೆ ಇದೆ. ಮಾಸು ಆರೇಳು ಗಂಟೆ ತಡವಾದರೆ ಕರುವಿನ ಪಾಲು ಅಷ್ಟಕ್ಕಷ್ಟು ನಷ್ಟ. ವಾಸ್ತವವಾಗಿ ಕರು ಮೊಲೆ ಚೀಪುವುದರಿಂದ ಮಾಸು ಬೀಳಲು ಅನುಕೂಲವೇ ಆಗುತ್ತದೆ. ಕರು ಬಿದ್ದ ಒಂದೆರಡು ಗಂಟೆಯೊಳಗೆ ಗಿಣ್ಣು ಕುಡಿಸತಕ್ಕದ್ದು. ಮೊದಲ ಹನ್ನೆರಡು ಗಂಟೆಯಲ್ಲಿ ಕರುವಿನ ತೂಕದ ಹತ್ತರಲ್ಲೊಂದು ಭಾಗ ಕುಡಿದಿರಬೇಕು. ಇಪ್ಪತ್ತು ಕಿಲೋ ಕರುವಿಗೆ ಎರಡು ಲೀಟರು. ಮಿಕ್ಕದ್ದನ್ನು ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಮಾಡಿ ನೆರೆಹೊರೆಗೆ ಹಂಚಿ. ಗಿಣ್ಣಿನ ರುಚಿಯ ಮೇಲೆ ನಮಗೆ ಹಗೆಯಿಲ್ಲ, ಪಂಕ್ತಿಯಲ್ಲಿ ಕರು ಮೊದಲು ಕೂತಿರಬೇಕು ಅಷ್ಟೆ. ಹಾಗೆ ತಾಯಿಯಿಂದ ಬಂದ ಪ್ರತಿಕಾಯ ಸಾಲದ ಧಾನ್ಯ. ಕೆಲವು ತಿಂಗಳಲ್ಲಿ ಮುಗಿಯುತ್ತದೆ. ಅದು ತುಂಬಿರುವಾಗ ಲಸಿಕೆ ಹಾಕಿದರೆ ಕರುವಿನ ಸ್ವಂತ ಬಿ ಕಣಗಳಿಗೆ ಪಾಠ ಸರಿಯಾಗಿ ತಲಪುವುದಿಲ್ಲ. ನಾಲ್ಕು ತಿಂಗಳವರೆಗೆ ಕಾಯುವುದು ಇದಕ್ಕಾಗಿಯೇ.

ಹಾವು ಕಚ್ಚಿದಾಗ ಆಸ್ಪತ್ರೆಯಲ್ಲಿ ಕೊಡುವ ಮದ್ದು ಕೂಡ ಸಾಲದ ಧಾನ್ಯವೇ. ಅದನ್ನು ಮಾಡಿದ್ದು ಕುದುರೆಯ ಬಿ ಕಣ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನು ಕುದುರೆಗೆ ಅತಿ ಸ್ವಲ್ಪದಿಂದ ತೊಡಗಿ ತಿಂಗಳುಗಟ್ಟಲೆ ಏರಿಸುತ್ತ ಚುಚ್ಚುತ್ತಾರೆ. ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯವನ್ನು ಬೇರ್ಪಡಿಸಿ ಸೀಸೆಗೆ ತುಂಬುತ್ತಾರೆ. ಹಾವಿನ ವಿಷ ಗಂಟೆಗಳ ಲೆಕ್ಕದಲ್ಲಿ ಕೊಲ್ಲುತ್ತದೆ, ನಮ್ಮ ಬಿ ಕಣಗಳಿಗೆ ವಾರ ಬೇಕು. ಆದುದರಿಂದ ಸಾಲವಲ್ಲದೆ ಬೇರೆ ದಾರಿಯಿಲ್ಲ. ಒಮ್ಮೆ ಹಾವು ಕಚ್ಚಿ ಬದುಕಿದವನಿಗೆ ಮತ್ತೆ ವಿಷ ಏರುವುದಿಲ್ಲವೆಂಬ ಮಾತನ್ನು ನಂಬಕೂಡದು.

ಹುಚ್ಚುನಾಯಿಯ ವಿಷಯದಲ್ಲಿ ಸಾಲವೂ ಬೇಕು, ಸ್ವಂತ ದುಡಿಮೆಯೂ ಬೇಕು. ಈ ರೋಗದ ವಿಷಾಣು ಗಾಯದಿಂದ ನರದ ಹಾದಿ ಹಿಡಿದು ಮಿದುಳಿನ ಕಡೆಗೆ ನಿಧಾನವಾಗಿ ನಡೆಯುತ್ತದೆ. ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಬೇಕು. ಮಿದುಳು ತಲಪಿ ಲಕ್ಷಣ ಕಂಡಿತೆಂದರೆ ಉಳಿಯುವ ಆಸೆ ಇಲ್ಲವೆಂದೇ ಹೇಳಬೇಕು. ಆ ನಡಿಗೆಯ ಅವಧಿಯಲ್ಲಿ ನಮ್ಮ ಬಿ ಕಣಗಳು ಪಾಠ ಕಲಿತು ಪ್ರತಿಕಾಯ ಸುರಿದರೆ ಗೆದ್ದೆವು. ಕಚ್ಚಿದ ಮೇಲೆ ಹಾಕುವ ಲಸಿಕೆಯೂ ಫಲ ಕೊಡುವುದು ಇದರಿಂದಲೇ. ಆದರೆ ರಕ್ತ ಬಂದ ಗಾಯವಾಗಿದ್ದರೆ, ಮುಖ ತಲೆಗಳಿಗೆ ಕಚ್ಚಿದ್ದರೆ, ವಿಷಾಣು ನಮ್ಮ ಕಣಗಳಿಗಿಂತ ಮೊದಲೇ ತಲಪಬಹುದು. ಅಂಥ ಗಾಯದ ಸುತ್ತಲೂ ಒಳಗೂ, ಕುದುರೆಯಿಂದಲೋ ಮನುಷ್ಯರಿಂದಲೋ ಪಡೆದ ಸಿದ್ಧ ಪ್ರತಿಕಾಯವನ್ನು ಮೊದಲ ದಿನವೇ ಚುಚ್ಚುತ್ತಾರೆ. ಸ್ವಂತದ್ದು ಬರುವವರೆಗೆ ಬಾಗಿಲು ಕಾಯುವುದು ಅದರ ಕೆಲಸ.

ಕಚ್ಚಿದ ಕೂಡಲೇ ಮಾಡಬೇಕಾದದ್ದು, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು. ಸುಣ್ಣ, ಮೆಣಸಿನಪುಡಿ, ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಚ್ಚಕೂಡದು. ಅನಂತರ ಆಸ್ಪತ್ರೆ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಭಯದಿಂದ ಹಿಂದೆಗೆಯುವವರು ಇನ್ನೂ ಇದ್ದಾರೆ. ಅದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ. ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1907ರಲ್ಲಿ, ಪಾಶ್ಚರರ ಹೆಸರಿನಲ್ಲಿ ಕೂನೂರಿನಲ್ಲಿ ಸಂಸ್ಥೆ ತೆರೆದದ್ದು ಈ ಚಿಕಿತ್ಸೆಗಾಗಿಯೇ. ಆ ಬಗೆಯ ಲಸಿಕೆ ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತುಹೋಯಿತು. ಈಗಿನದು ತೋಳಿಗೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮೊದಲ ಸೂಜಿಯ ದಿನವನ್ನು ಸೊನ್ನೆಯೆಂದು ಎಣಿಸಿ, ಚರ್ಮದಲ್ಲಿ ಹಾಕುವ ಕ್ರಮವಾದರೆ 3, 7, 28ನೆಯ ದಿನ. ಮಾಂಸಖಂಡಕ್ಕಾದರೆ 3, 7, 14, 28ನೆಯ ದಿನ ಹೋಗಬೇಕು. ಎರಡು ಸೂಜಿಯಾದ ಮೇಲೆ ಗಾಯ ಒಣಗಿತೆಂದು ನಿಲ್ಲಿಸುವವರೇ ಹೆಚ್ಚು. ಗಾಯ ಒಣಗುವುದಕ್ಕೂ ಬಿ ಕಣಗಳು ಕಲಿಯುವುದಕ್ಕೂ ಸಂಬಂಧವಿಲ್ಲ.

ಪೂರ್ತಿ ಹಾಕಿಸಿಕೊಂಡವರಿಗೆ ಆಸ್ಪತ್ರೆಯವರು ಕೊಟ್ಟ ಚೀಟಿಯನ್ನು ಪಹಣಿ, ಪಾಸ್‌ಬುಕ್ಕುಗಳ ಜೊತೆಯಲ್ಲಿ ಭದ್ರವಾಗಿಡಬೇಕು. ಮುಂದೆ ಎಂದಾದರೂ ಮತ್ತೆ ನಾಯಿ ಕಚ್ಚಿದರೆ ಅದನ್ನು ತೋರಿಸಿ. ನೆನಪಿನ ಕಣಗಳು ಮೈಯಲ್ಲಿ ಇರುವುದರಿಂದ ಆಗ ಸಿದ್ಧ ಪ್ರತಿಕಾಯ ಬೇಕಾಗುವುದಿಲ್ಲ. ಗಾಯ ತೊಳೆದು, ಆ ದಿನ ಒಂದು, ಮೂರನೆಯ ದಿನ ಒಂದು, ಎರಡೇ ಸರದಿ ಸಾಕು.